ಘಾಟಿ ಇಳಿಯುವ ಲಾರಿ: ಬ್ರೇಕಿನ ಬಾಳಿಕೆ ಎಲ್ಲಿದೆ?

ಕುರಿಗೊಬ್ಬರದ ಲಾರಿ ಅಂಗಳಕ್ಕೆ ಬಂದು ನಿಂತಾಗ ನಾವು ಕೃಷಿಕರು ನೋಡುವುದು ಎಂತದನ್ನು? ಗೊಬ್ಬರ ಒಣಗಿದೆಯಾ, ಮಣ್ಣು ಬೆರೆತಿದೆಯಾ, ಚೀಲ ಎಷ್ಟು, ಬಾಡಿಗೆ ಎಷ್ಟು. ಇಷ್ಟೆ. ಅದನ್ನು ಹೊತ್ತು ತಂದ ಲಾರಿಯ ಚಕ್ರದೊಳಗೆ ಎಂತ ಉಂಟು ಎಂದು ಬಗ್ಗಿ ನೋಡುವವರು ಕಡಿಮೆ. ಅರ್ಧ ಲಾರಿಯ ಯಜಮಾನನಾಗಿದ್ದೂ ನಾನು ನೋಡಿರಲಿಲ್ಲ. 2011ರ ಜನವರಿಯ ಒಂದು ರಾತ್ರಿ ಸಂಪಾಜೆ ಘಾಟಿ ನೋಡುವ ಹಾಗೆ ಮಾಡಿತು.

ನನ್ನದು ಸುಳ್ಯ ತಾಲೂಕಿನಲ್ಲಿ ಎರಡೂವರೆ ಎಕ್ರೆ ಅಡಿಕೆ ತೋಟ. 2008ರಲ್ಲಿ ನಾನೂ ಭಾವನೂ ಸೇರಿ ಆರು ಚಕ್ರದ ಒಂದು ಹಳೆ ಲಾರಿ ತೆಗೆದೆವು. ಡ್ರೈವಿಂಗ್ ಭಾವನದ್ದು, ಲೆಕ್ಕಪತ್ರ ನನ್ನದು. ಬೇಸಗೆಯಲ್ಲಿ ಪಿರಿಯಾಪಟ್ಟಣ ಕಡೆಯಿಂದ ಕುರಿಗೊಬ್ಬರ, ಬೈಹುಲ್ಲು. ಉಳಿದ ದಿನ ಊರಲ್ಲಿ ಕೆಂಪುಕಲ್ಲು, ಜಲ್ಲಿ. ಲಾರಿಯ ಖರ್ಚಿನಲ್ಲಿ ಎಲ್ಲಿ ಉಳಿಸಬಹುದು ಎಂದು ಪೆನ್ನು ಹಿಡಿದು ಕೂತವನು ನಾನೇ. ಡೀಸೆಲಿನಲ್ಲಿ ಉಳಿಸಲು ಆಗುವುದಿಲ್ಲ, ಟಯರಿನಲ್ಲಿ ಆಗುವುದಿಲ್ಲ. ಕಣ್ಣು ಹೋದದ್ದು ಬ್ರೇಕ್ ಲೈನರಿನ ಮೇಲೆ.

ಆ ರಾತ್ರಿ

ನಾಲ್ಕು ಮನೆಯವರಿಗೆ ಸೇರಿ ಒಂದು ಲೋಡು ಗೊಬ್ಬರ. ಬಾಡಿಗೆ ಹಂಚಿ ಹಾಕುವುದರಿಂದ ಚೀಲ ಹೆಚ್ಚಾದಷ್ಟೂ ಎಲ್ಲರಿಗೂ ಅಗ್ಗ. "ಹೇಗೂ ಬರುವ ಲಾರಿಯಲ್ಲವಾ, ಇನ್ನೊಂದು ಮೂವತ್ತು ಚೀಲ ಹಾಕಿಸಿ ಭಾವ" ಎಂದವನು ನಾನು. ಹಿಂದಿನ ದಿನ ಅಲ್ಲಿ ಅಕಾಲದ ಮಳೆ ಬಂದಿತ್ತು. ಗೊಬ್ಬರ ನೀರು ಕುಡಿದಿತ್ತು. ಚೀಲದ ಲೆಕ್ಕ ಅಷ್ಟೇ, ತೂಕ ಬೇರೆಯೇ. ಆಗಿನ ಕಾನೂನಿನಲ್ಲಿ ಎರಡು ಆಕ್ಸಲಿನ ಆರು ಚಕ್ರದ ಲಾರಿ ಸಾಮಾನು ಸೇರಿ 16.2 ಟನ್ ಇರಬಹುದಿತ್ತು. ನಮ್ಮದು ಅದರಿಂದ ಮೂರು ಟನ್ ಮೇಲೆ ಇತ್ತೆಂದು ಗೊತ್ತಾದದ್ದು ಮರುದಿನ ವೇಬ್ರಿಡ್ಜಿನಲ್ಲಿ.

ಮಡಿಕೇರಿ ಬಿಟ್ಟು ಮದೆನಾಡು ದಾಟಿದೆವು. ಕ್ಯಾಬಿನ್ನಿಗೆ ಒಂದು ವಾಸನೆ ಬಂತು, ರಬ್ಬರ್ ಸುಟ್ಟ ಹಾಗೆ. "ಎದುರಿನ ಲಾರಿಯದ್ದಿರಬೇಕು" ಎಂದೆ. ಎದುರು ಲಾರಿ ಇರಲಿಲ್ಲ. ಭಾವ ನಾಲ್ಕನೇ ಗೇರಿನಲ್ಲಿ ಬ್ರೇಕ್ ಮೆಟ್ಟಿ ಮೆಟ್ಟಿ ಇಳಿಸುತ್ತಿದ್ದರು. ಜೋಡುಪಾಲಕ್ಕಿಂತ ಮೇಲಿನ ಒಂದು ತಿರುವಿನಲ್ಲಿ ಅವರ ಮುಖ ಬದಲಾಯಿತು. ಗೇಜಿನಲ್ಲಿ ಗಾಳಿ ಉಂಟು, ಕಾಲಡಿಯಲ್ಲಿ ಪೆಡಲು ಉಂಟು, ಚಕ್ರದಲ್ಲಿ ಹಿಡಿತ ಇಲ್ಲ. ಗೇರು ಇಳಿಸಲು ನೋಡಿದರು, ಕೂರಲಿಲ್ಲ. ಹ್ಯಾಂಡ್ ಬ್ರೇಕ್ ಹಾಕಿದರು. ಅದೂ ಹಿಂದಿನ ಅದೇ ಡ್ರಮ್ಮನ್ನೇ ಹಿಡಿಯುವುದು, ಬೇರೆ ಎಂತ ಮಾಡೀತು?

"ಗಟ್ಟಿ ಹಿಡ್ಕೊ" ಎಂದರು. ಎಡಬದಿಯ ಚರಂಡಿಗೆ ಚಕ್ರ ಇಳಿಸಿ ಲಾರಿಯನ್ನು ಬರೆಗೆ ತಾಗಿಸಿದರು. ಹತ್ತಿಪ್ಪತ್ತು ಮಾರು ಉಜ್ಜಿಕೊಂಡು ಹೋಗಿ ನಿಂತಿತು. ಕ್ಲೀನರ್ ಹುಡುಗ ಹಾರಿ ಚಕ್ರಕ್ಕೆ ಕಲ್ಲು ಅಡ ಇಟ್ಟ. ಸ್ವಲ್ಪ ಹೊತ್ತಿನಲ್ಲಿ ಕೆಳಗಿನಿಂದ ಒಂದು ಬಸ್ಸು ಹತ್ತಿ ಬಂತು. ಒಳಗೆ ದೀಪ ಉರಿಯುತ್ತಿತ್ತು, ಜನ ನಿದ್ದೆ ಮಾಡುತ್ತಿದ್ದರು. ನಾವು ಮೂವರೂ ಅದನ್ನು ನೋಡಿ ಮಾತಾಡಲಿಲ್ಲ.

ಹಿಂದಿನ ಚಕ್ರದಿಂದ ಹೊಗೆ ಏಳುತ್ತಿತ್ತು. ನಾನು ಹತ್ತಿರದ ತೋಡಿನಿಂದ ಕ್ಯಾನಿನಲ್ಲಿ ನೀರು ತಂದು ಡ್ರಮ್ಮಿಗೆ ಎರಚಿದೆ. ಅದೂ ತಪ್ಪೇ. ಯಾಕೆಂದು ಮುಂದೆ ಹೇಳುತ್ತೇನೆ.

ಐನೂರು ಲೀಟರು ಬಿಸಿನೀರು

ಬ್ರೇಕ್ ಎಂದರೆ ಎಂತ? ಓಟವನ್ನು ಬಿಸಿಯಾಗಿ ಬದಲಾಯಿಸುವ ಯಂತ್ರ. ಲಾರಿಯ ವೇಗ ಎಲ್ಲಿಗೂ ಮಾಯವಾಗುವುದಿಲ್ಲ, ಕಬ್ಬಿಣದ ಬಿಸಿಯಾಗಿ ಕೂತುಕೊಳ್ಳುತ್ತದೆ.

ಒಂದು ಲೆಕ್ಕ ನೋಡಿ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಸುಳ್ಯ ನೂರು ಮೀಟರಿನ ಆಸುಪಾಸು. ಅಂದರೆ ಲಾರಿ ಹೆಚ್ಚುಕಡಿಮೆ ಸಾವಿರ ಮೀಟರ್ ಕೆಳಗೆ ಇಳಿಯಬೇಕು. 16 ಟನ್ ಭಾರ ಸಾವಿರ ಮೀಟರ್ ಇಳಿಯುವಾಗ ಹೊರಬರುವ ಶಕ್ತಿಯಲ್ಲಿ ತಣ್ಣೀರು 500 ಲೀಟರ್ ಕುದಿ ಬರಿಸಬಹುದು. ನಾವು ಅಡಿಕೆ ಬೇಯಿಸುವ 50 ಲೀಟರಿನ ಹಂಡೆ ಹತ್ತು! ಅಷ್ಟು ಬಿಸಿಯನ್ನೂ ಬ್ರೇಕೇ ನುಂಗಬೇಕು ಎಂದು ಹೇಳಿದರೆ ಆ ಡ್ರಮ್ಮು ಎಲ್ಲಿಗೆ ಹೋಗಬೇಕು? ಮೂರು ಟನ್ ಹೆಚ್ಚು ಹೇರಿದರೆ ಇನ್ನೆರಡು ಹಂಡೆ ಸೇರಿತು.

ಈ ಬಿಸಿಯನ್ನು ಹಂಚಿಕೊಳ್ಳಲು ಇನ್ನೊಬ್ಬ ಉಂಟು. ಅವನು ಇಂಜಿನು. ಸಣ್ಣ ಗೇರಿನಲ್ಲಿ ಇಳಿಯುವಾಗ ಚಕ್ರವೇ ಇಂಜಿನನ್ನು ತಿರುಗಿಸಬೇಕಾಗುತ್ತದೆ. ಆ ತಿರುಗಿಸುವ ಕಷ್ಟವೇ ಲಾರಿಯನ್ನು ಹಿಂದಕ್ಕೆ ಎಳೆಯುತ್ತದೆ. ಎಕ್ಸಾಸ್ಟ್ ಬ್ರೇಕ್ ಇರುವ ಲಾರಿಯಲ್ಲಿ ಹೊಗೆಕೊಳವೆಗೆ ಒಂದು ಮುಚ್ಚಳ ಬಿದ್ದು ಇಂಜಿನಿನ ಹಿಡಿತ ಇನ್ನೂ ಹೆಚ್ಚುತ್ತದೆ. ಇದರ ಬಿಸಿ ರೇಡಿಯೇಟರಿನಲ್ಲಿ, ಹೊಗೆಯಲ್ಲಿ ಹೊರಗೆ ಹೋಗುತ್ತದೆ. ಲೈನರ್ ಒಂದು ನೂಲಿನಷ್ಟೂ ಸವೆಯುವುದಿಲ್ಲ. ನಾಲ್ಕನೇ ಗೇರಿನಲ್ಲಿ ಇಳಿದ ನಾವು ಈ ಕೆಲಸದಾಳಿಗೆ ರಜೆ ಕೊಟ್ಟ ಹಾಗೆ ಆಗಿತ್ತು.

ಚಕ್ರದೊಳಗೆ ಇರುವುದು

ಮರುದಿನ ಸುಳ್ಯದಲ್ಲಿ ಚಕ್ರ ಬಿಚ್ಚಿಸಿದೆವು. ಮೆಕ್ಯಾನಿಕ್ಕು ಪ್ರಾಯದವರು, ಮಾತು ಕಮ್ಮಿ. ಅವತ್ತು ಒಂದೊಂದೇ ಬಿಡಿಭಾಗ ಕೈಗೆ ಕೊಟ್ಟು ತೋರಿಸಿದರು.

ಇಂಜಿನಿನ ಬದಿಯಲ್ಲಿ ಒಂದು ಕಂಪ್ರೆಸರ್. ಅದು ಗಾಳಿಯನ್ನು ಒತ್ತಿ ಟ್ಯಾಂಕಿಗೆ ತುಂಬುತ್ತದೆ. ಡ್ರೈವರ್ ಪೆಡಲು ಮೆಟ್ಟಿದರೆ ಗಾಳಿ ಚಕ್ರದ ಹತ್ತಿರದ ಬ್ರೇಕ್ ಚೇಂಬರಿಗೆ ಹೋಗಿ ರಬ್ಬರಿನ ಡಯಾಫ್ರಾಮನ್ನು ಒತ್ತುತ್ತದೆ. ಅದರಿಂದ ಒಂದು ಸರಳು ಮುಂದೆ ಬರುತ್ತದೆ. ಸರಳಿನ ತುದಿಯಲ್ಲಿ ಸ್ಲ್ಯಾಕ್ ಅಡ್ಜಸ್ಟರ್ ಎಂಬ ಗೇಣುದ್ದದ ತೋಳು. ತೋಳು ತಿರುಗಿದಾಗ ಅದರ ಶಾಫ್ಟಿನ ತುದಿಯ ಕ್ಯಾಮ್ ಎರಡು ಶೂಗಳನ್ನು ಅಗಲಿಸುತ್ತದೆ. ಶೂಗಳಿಗೆ ರಿವಿಟ್ ಹೊಡೆದ ಲೈನರ್ ಹೋಗಿ ತಿರುಗುವ ಡ್ರಮ್ಮಿನ ಒಳಮೈಯನ್ನು ಹಿಡಿಯುತ್ತದೆ.

"ಈಗ ನೋಡಿ ನಿಮ್ಮದು ಮೂರು ತಪ್ಪು" ಎಂದರು ಅವರು.

ಮೊದಲನೆಯದು ಡ್ರಮ್ಮು. ಅದು ಎರಕದ ಕಬ್ಬಿಣ. ಬಿಸಿಯನ್ನು ಬೇಗ ಹೀರಿ, ಹಿಡಿದಿಟ್ಟು, ಮೆಲ್ಲ ಗಾಳಿಗೆ ಬಿಡುವುದೇ ಅದರ ಕೆಲಸ. ಹೀಗಾಗಿ ಅದರ ದಪ್ಪವೇ ಅದರ ಆಯುಷ್ಯ. ನಮ್ಮ ಡ್ರಮ್ಮು ಗೀರು ಬಿದ್ದದ್ದಕ್ಕೆ ಎರಡು ಸಲ ಲೇತಿಗೆ ಹಾಕಿಸಿ ಆಗಿತ್ತು. ಎರಡನೇ ಸಲ ಲೇತಿನವರು "ಇನ್ನು ಇದನ್ನು ತರಬೇಡಿ" ಎಂದಿದ್ದರು. ತೆಳುವಾದ ಬಾಣಲೆಯಲ್ಲಿ ಒಗ್ಗರಣೆ ಸೀಯುವುದಿಲ್ಲವಾ, ಹಾಗೆಯೇ ತೆಳು ಡ್ರಮ್ಮು ಬೇಗ ಕಾಯುತ್ತದೆ. ಎಷ್ಟರ ತನಕ ಸವೆಯಬಹುದು ಎಂಬ ಅಳತೆ ಡ್ರಮ್ಮಿನ ಮೇಲೋ ಕಂಪನಿಯ ಪುಸ್ತಕದಲ್ಲೋ ಇರುತ್ತದೆ. ಅದನ್ನು ದಾಟಿದ್ದನ್ನು ಗುಜರಿಗೆ ಹಾಕುವುದೇ.

ಎರಡನೆಯದು ಲೈನರ್. ನಾನು ಹುಡುಕಿ ತಂದದ್ದು ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಅಗ್ಗದ್ದು. ಪೆಟ್ಟಿಗೆಯಲ್ಲಿ ಲಾರಿಯ ಮಾಡೆಲೂ ಸರಿಯಾಗಿ ಇರಲಿಲ್ಲ. ಲೈನರ್ ಎಂದರೆ ನಾರು, ಲೋಹದ ಹುಡಿ, ಅಂಟು ಸೇರಿಸಿ ಒತ್ತಿ ಬೇಯಿಸಿದ ವಸ್ತು. ಅತಿ ಬಿಸಿಗೆ ಅಂಟು ಕರಗಿ ಮೇಲ್ಮೈ ಕನ್ನಡಿಯ ಹಾಗೆ ನುಣುಪಾಗುತ್ತದೆ. ಆಮೇಲೆ ಒತ್ತಿದರೂ ಹಿಡಿಯುವುದಿಲ್ಲ, ಜಾರುತ್ತದೆ. ನಮ್ಮದು ಬೆರಳಿಟ್ಟರೆ ಜಾರುವಷ್ಟು ಹೊಳೆಯುತ್ತಿತ್ತು.

ಮೂರನೆಯದು ಸ್ಲ್ಯಾಕ್. ಹೊಸ ಲೈನರ್ ಹಾಕಿದ ಮೇಲೆ ಅಡ್ಜಸ್ಟ್ ಮಾಡಿದ್ದೇ ಮತ್ತೆ ನೋಡಿರಲಿಲ್ಲ. ಲೈನರ್ ಸವೆದಂತೆ ಸರಳು ಮುಂದೆ ಬರಬೇಕಾದ ದೂರ ಹೆಚ್ಚುತ್ತದೆ. ಒಂದು ಮಿತಿ ದಾಟಿದರೆ ಚೇಂಬರಿನ ಒತ್ತು ಕುಸಿಯುತ್ತದೆ. ಇದಕ್ಕೆ ಬಿಸಿಯೂ ಸೇರುತ್ತದೆ. ನಮ್ಮ ಡ್ರಮ್ಮಿನ ಒಳವ್ಯಾಸ 410 ಮಿ.ಮೀ. 300 ಡಿಗ್ರಿ ಬಿಸಿ ಏರಿದರೆ ಅದು ಒಂದೂಕಾಲು, ಒಂದೂವರೆ ಮಿ.ಮೀ. ಹಿಗ್ಗುತ್ತದೆ. ಅಂದರೆ ಡ್ರಮ್ಮು ಲೈನರಿನಿಂದ ದೂರ ಓಡುತ್ತದೆ. ತಣ್ಣಗಿರುವಾಗ ಅಂಗಳದಲ್ಲಿ ಚೆನ್ನಾಗಿ ಹಿಡಿದ ಬ್ರೇಕು ಘಾಟಿಯಲ್ಲಿ ಕೈಕೊಡುವ ಗುಟ್ಟು ಇದು. ಪರೀಕ್ಷೆ ಮಾಡಿ ಬಂದದ್ದು ಎಂಬ ಧೈರ್ಯಕ್ಕೆ ಇಲ್ಲಿ ಬೆಲೆ ಇಲ್ಲ.

ಕೊನೆಗೆ ಒಂದು ಡ್ರಮ್ಮನ್ನು ಬಿಸಿಲಿಗೆ ಹಿಡಿದರು. ಒಳಗೆ ಕೂದಲೆಳೆಯ ಹಾಗೆ ನೂರಾರು ಬಿರುಕು. ಒಂದು ಮಾತ್ರ ಅಂಚಿನಿಂದ ಅಂಚಿಗೆ ಸೀಳಿತ್ತು. "ನೀರು ಹೊಯ್ದಿರಾ?" ಎಂದು ಕೇಳಿದರು. ಹೌದೆಂದೆ. "ಕಾದ ಕಾವಲಿಗೆ ನೀರು ಎರಚಿದ ಹಾಗೆ ಮಾರಾಯ್ರೆ. ಎರಕದ ಕಬ್ಬಿಣ ತಡೆಯುವುದಿಲ್ಲ." ಎಷ್ಟು ಘಾಟಿಯಲ್ಲಿ ಒಡೆದದ್ದು, ಎಷ್ಟು ನನ್ನ ನೀರಿಗೆ ಒಡೆದದ್ದು ಎಂದು ಹೇಳಲು ಅವರಿಗೂ ಆಗಲಿಲ್ಲ. ಚಕ್ರಕ್ಕೆ ಅಡ ಕೊಟ್ಟು, ತನ್ನಷ್ಟಕ್ಕೆ ತಣಿಯಲು ಬಿಡುವುದೇ ದಾರಿ. ಬೆಂಕಿಯೇ ಹತ್ತಿದರೆ ಮಾತು ಬೇರೆ.

ಗಟ್ಟಿ ಲೈನರ್ ಬಾಳುತ್ತದಾ?

"ಹಾಗಾದರೆ ಅತಿ ಗಟ್ಟಿ ಲೈನರ್ ಯಾವುದು, ಅದನ್ನೇ ಹಾಕಿ" ಎಂದೆ. ಅವರು ನಕ್ಕರು. ಲೈನರ್ ಅತಿ ಗಟ್ಟಿಯಾದರೆ ತಾನು ಸವೆಯುವ ಬದಲು ಡ್ರಮ್ಮನ್ನು ತಿನ್ನುತ್ತದೆ. ಡ್ರಮ್ಮು ಲೈನರಿಗಿಂತ ದುಬಾರಿ. ಲೈನರ್ ಸವೆಯಬೇಕಾದದ್ದೇ, ಆದರೆ ಮೆಲ್ಲ ಸವೆಯಬೇಕು. ಬಾಳಿಕೆ ಲೆಕ್ಕ ಹಾಕುವಾಗ ಎರಡನ್ನೂ ಜೋಡಿಯಾಗಿ ನೋಡಬೇಕು. ಲಾರಿ ಕಂಪನಿಯವರು ಆ ಮಾಡೆಲಿಗೆ ಹೇಳಿದ ದರ್ಜೆಯದ್ದೇ ಲೈನರ್, ಅಳತೆಯ ಒಳಗಿನ ಡ್ರಮ್ಮು. ಇದಕ್ಕಿಂತ ಮೇಲಿನ ಗುಟ್ಟು ಯಾವುದೂ ಇಲ್ಲ.

ಅವತ್ತು ಎರಡೂ ಹಿಂದಿನ ಡ್ರಮ್ಮು ಹೊಸತು ಹಾಕಿಸಿದೆವು. ಲೈನರನ್ನೂ ಎರಡು ಬದಿಗೆ ಒಟ್ಟಿಗೇ. ಒಂದೇ ಬದಿಗೆ ಹೊಸತು ಹಾಕಿದರೆ ಬ್ರೇಕ್ ಹಿಡಿದಾಗ ಲಾರಿ ಒಂದು ಕಡೆಗೆ ಎಳೆಯುತ್ತದೆ. ಶೂವಿನ ತುಕ್ಕು ಪೂರಾ ಕೆರೆದು, ಲೈನರ್ ಸಂದಿಲ್ಲದೆ ಕೂತ ಮೇಲೆಯೇ ರಿವಿಟ್. ಅದೂ ನಡುವಿನಿಂದ ಶುರು ಮಾಡಿ ತುದಿಯ ಕಡೆಗೆ. ಕ್ಯಾಮಿನ ಬುಷ್, ಎಳೆದು ಜೋಲಾದ ಸ್ಪ್ರಿಂಗ್ ಬದಲಿಸಿದರು. ಹಬ್ಬಿನ ಆಯಿಲ್ ಸೀಲು ಹೊಸತು. ಗ್ರೀಸು ಬಿದ್ದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದರೂ ಸುಟ್ಟರೂ ಮೊದಲಿನ ಹಿಡಿತ ಬರುವುದಿಲ್ಲ. ಬಿಸಾಡಬೇಕು.

ಹೊಸ ಲೈನರ್ ಡ್ರಮ್ಮಿಗೆ ಪೂರ್ತಿ ಹೊಂದಿಕೊಳ್ಳಲು ಸ್ವಲ್ಪ ದಿನ ಬೇಕು. ಆ ದಿನಗಳಲ್ಲಿ ಊರಿನ ಒಳಗೇ ಹಗುರ ಲೋಡಿನಲ್ಲಿ ಓಡಿಸಿದೆವು. ಲೈನರ್ ಹಾಕಿದ ವಾರವೇ ಘಾಟಿಗೆ ಹೋದದ್ದು ನಮ್ಮ ಹಿಂದಿನ ತಪ್ಪುಗಳಲ್ಲಿ ಇನ್ನೊಂದು.

ಇಲ್ಲೇ ಒಂದು ಎಚ್ಚರಿಕೆ. ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅದರ ಹುಡಿ ಶ್ವಾಸಕೋಶಕ್ಕೆ ಹೋದರೆ ವರ್ಷಗಟ್ಟಲೆ ಕಳೆದು ಕ್ಯಾನ್ಸರಿನಂಥ ರೋಗ ತರಬಲ್ಲದು. ಡ್ರಮ್ಮಿನ ಕಪ್ಪು ಹುಡಿಯನ್ನು ಗಾಳಿ ಹೊಡೆದು ಹಾರಿಸುವುದು ಬೇಡ. ತಣಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರಸಿ ತೆಗೆಯಿರಿ. ಕೊಳ್ಳುವಾಗ ಆಸ್ಬೆಸ್ಟಾಸ್ ಇಲ್ಲದ್ದನ್ನೇ ಕೇಳಿ.

ಭಾವ ಬದಲಿಸಿದ ಕ್ರಮ

ಬಿಡಿಭಾಗಕ್ಕಿಂತ ಹೆಚ್ಚಿನ ಗುಣ ಸಿಕ್ಕಿದ್ದು ಭಾವನ ಕಾಲಿನಿಂದ. ಇಳಿಜಾರು ಶುರುವಾಗುವ ಮೊದಲೇ, ಮಡಿಕೇರಿಯಲ್ಲೇ ಗೇರು ಸಣ್ಣದು ಮಾಡುತ್ತಿದ್ದರು. ಯಾವ ಗೇರಿನಲ್ಲಿ ಹತ್ತಲಾಗುತ್ತದೋ ಅದಕ್ಕಿಂತ ದೊಡ್ಡದರಲ್ಲಿ ಇಳಿಯಬಾರದು ಎಂಬುದು ಹಳೆ ಡ್ರೈವರುಗಳ ಲೆಕ್ಕ. ವೇಗ ಸಿಕ್ಕಿದ ಮೇಲೆ ಗೇರು ಇಳಿಸಲು ಹೋದರೆ ನಮಗಾದ ಹಾಗೆ ಆಗುತ್ತದೆ. ಆಗ ಇರುವ ಗೇರೂ ಬಿಟ್ಟುಹೋಗಿ ನ್ಯೂಟ್ರಲಿನಲ್ಲಿ ಸಿಕ್ಕಿಬೀಳಬಹುದು.

ಬ್ರೇಕನ್ನು ಉದ್ದಕ್ಕೆ ಒತ್ತಿ ಹಿಡಿಯುವುದು ಬಿಟ್ಟರು. ವೇಗ ಹೆಚ್ಚಾದಾಗ ಒಮ್ಮೆ ಸರಿಯಾಗಿ ಮೆಟ್ಟಿ ಹತ್ತು ಕಿಲೋಮೀಟರ್ ವೇಗ ಇಳಿಸುವುದು, ಪೂರ್ತಿ ಬಿಡುವುದು. ನಡುವೆ ಡ್ರಮ್ಮಿಗೆ ಉಸಿರು. ಸುಮ್ಮನೆ ಪುಸುಪುಸು ಎಂದು ಹತ್ತಾರು ಸಲ ಮೆಟ್ಟಿದರೆ ಟ್ಯಾಂಕಿನ ಗಾಳಿಯೇ ಖಾಲಿಯಾದೀತು.

ಡೀಸೆಲ್ ಉಳಿಸಲು ನ್ಯೂಟ್ರಲಿನಲ್ಲಿ ಇಳಿಸುವವರು ಈಗಲೂ ಇದ್ದಾರೆ. ಗೇರಿನಲ್ಲಿದ್ದು ಆಕ್ಸಿಲೇಟರಿನಿಂದ ಕಾಲು ತೆಗೆದರೆ ಇಳಿಜಾರಿನಲ್ಲಿ ಪಂಪು ತಾನೇ ಡೀಸೆಲ್ ನಿಲ್ಲಿಸುತ್ತದೆ. ನ್ಯೂಟ್ರಲಿನಲ್ಲಿ ಇಂಜಿನ್ ಆರದಿರಲು ಡೀಸೆಲ್ ಕುಡಿಯುತ್ತಲೇ ಇರುತ್ತದೆ. ಉಳಿತಾಯವೂ ಇಲ್ಲ, ಜೀವಕ್ಕೂ ಅಪಾಯ.

ಬೆಳಿಗ್ಗೆ ಟ್ಯಾಂಕಿನ ಅಡಿಯ ವಾಲ್ವು ಎಳೆದು ನೀರು ಬಿಡುವುದು ಕ್ಲೀನರಿನ ಮೊದಲ ಕೆಲಸವಾಯಿತು. ಒತ್ತಿದ ಗಾಳಿಯಲ್ಲಿ ತೇವ ಇಳಿಯುತ್ತದೆ. ನಮ್ಮ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಬಿಡದಿದ್ದರೆ ತುಕ್ಕು, ಕೆಸರು ಎಲ್ಲ ವಾಲ್ವಿಗೆ.

ಇಷ್ಟರಿಂದ ಆದದ್ದೇನು? ಮೊದಲು ಗೊಬ್ಬರದ ಒಂದು ಸೀಸನ್ನಿಗೆ ಮುಗಿಯುತ್ತಿದ್ದ ಲೈನರ್ ಎರಡು ಸೀಸನ್ ದಾಟಿತು. ಆ ಡ್ರಮ್ಮುಗಳು 2019ರಲ್ಲಿ ಲಾರಿ ಮಾರುವ ದಿನವೂ ಅಳತೆಯ ಒಳಗೇ ಇದ್ದವು. ಅಗ್ಗದ ಲೈನರಿನಲ್ಲಿ ನಾನು ಉಳಿಸಿದ್ದೆಂದು ಪುಸ್ತಕದಲ್ಲಿ ಬರೆದುಕೊಂಡದ್ದರ ಹತ್ತು ಪಾಲು ಆ ಒಂದು ರಾತ್ರಿಯ ರಿಪೇರಿಗೆ ಹೋಗಿತ್ತು.

ಹೊಸ ಲಾರಿಯವರಿಗೂ

ಈಗಿನ ಲಾರಿಗಳಲ್ಲಿ ಸ್ಲ್ಯಾಕ್ ತನ್ನಷ್ಟಕ್ಕೆ ಬಿಗಿಯಾಗುವಂಥದ್ದು ಬಂದಿದೆ. ಅದನ್ನು ಮತ್ತೆ ಮತ್ತೆ ಕೈಯಲ್ಲಿ ತಿರುಗಿಸಬಾರದು. ಸಡಿಲವಾಗುತ್ತಲೇ ಇದ್ದರೆ ಬುಷ್ಷೋ ಶಾಫ್ಟೋ ಸವೆದಿದೆ ಎಂದು ಅರ್ಥ. 2015ರಿಂದ ಹೊಸ ದೊಡ್ಡ ಲಾರಿಗಳಿಗೆ ಎಬಿಎಸ್ ಕಡ್ಡಾಯವಾಗಿದೆ. ಅದು ಚಕ್ರ ಜಾಮ್ ಆಗಿ ಜಾರುವುದನ್ನು ತಪ್ಪಿಸುತ್ತದೆ, ಒಳ್ಳೆಯದೇ. ಆದರೆ ಕಾದ ಡ್ರಮ್ಮನ್ನು ತಣಿಸುವುದಿಲ್ಲ. 2018ರ ಜುಲೈಯಲ್ಲಿ ಕೇಂದ್ರ ಸರಕಾರ ಎರಡು ಆಕ್ಸಲಿನ ಲಾರಿಯ ಒಟ್ಟು ತೂಕದ ಮಿತಿಯನ್ನು 16.2ರಿಂದ 18.5 ಟನ್ನಿಗೆ ಏರಿಸಿತು. ಘಾಟಿಯ ಎತ್ತರವಂತೂ ಇಳಿದಿಲ್ಲ.

ಪಿಕಪ್ಪಿನವರಿಗೆ ಒಂದು ಮಾತು. ಅದರಲ್ಲಿ ಗಾಳಿಯ ಬದಲು ಬ್ರೇಕ್ ಆಯಿಲ್. ಆ ಆಯಿಲು ದಿನ ಹೋದಂತೆ ಗಾಳಿಯ ತೇವ ಹೀರುತ್ತದೆ. ಘಾಟಿಯ ಬಿಸಿಗೆ ಒಳಗೇ ಕುದಿದು ಗುಳ್ಳೆ ಬಂದರೆ ಪೆಡಲು ನೆಲಕ್ಕೆ ಹೋಗುತ್ತದೆ. ಕಂಪನಿ ಹೇಳಿದ ಅವಧಿಗೆ ಬದಲಿಸಲೇಬೇಕು.

ಬಾಡಿಗೆಗೆ ಕರೆಯುವಾಗ ಐದು ನೋಟ

1. ಲಾರಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿಸಿ, ಬ್ರೇಕ್ ಮೆಟ್ಟಿ ಹಿಡಿಯಲು ಹೇಳಿ. ಗಾಳಿ ಸೋರುವ ಸದ್ದು ಕೇಳುತ್ತದಾ? ಗೇಜಿನ ಮುಳ್ಳು ಇಳಿಯುತ್ತಾ ಹೋಗುತ್ತದಾ?

2. ಚಕ್ರದ ಒಳಬದಿಯಲ್ಲಿ ಎಣ್ಣೆ, ಗ್ರೀಸಿನ ಕಲೆ ಉಂಟಾ? ಇದ್ದರೆ ಲೈನರಿಗೂ ತಾಗಿರಬಹುದು.

3. ಲೈನರ್ ಕೊನೆಗೆ ಬದಲಿಸಿದ್ದು ಯಾವಾಗ, ಡ್ರಮ್ಮು ಎಷ್ಟು ಸಲ ಲೇತಿಗೆ ಹೋಗಿದೆ? ಒಳ್ಳೆ ಡ್ರೈವರಿಗೆ ಈ ಪ್ರಶ್ನೆಯಿಂದ ಬೇಸರ ಆಗುವುದಿಲ್ಲ.

4. ಒದ್ದೆ ಗೊಬ್ಬರಕ್ಕೆ ಚೀಲದ ಲೆಕ್ಕ ಬೇಡ. ತೂಕ ಹಾಕಿಸಿ.

5. "ರಾತ್ರಿಯೇ ಬರಬೇಕು, ಬೇಗ ಬರಬೇಕು" ಎಂದು ಫೋನಿನಲ್ಲಿ ಡ್ರೈವರನ್ನು ಅವಸರ ಮಾಡಬೇಡಿ. ಸಣ್ಣ ಗೇರಿನಲ್ಲಿ ಇಳಿದರೆ ಅರ್ಧ ಗಂಟೆ ತಡ, ಅಷ್ಟೆ.

ಈಗ ನಮ್ಮಲ್ಲಿ ಲಾರಿ ಇಲ್ಲ. ಭಾವನಿಗೆ ಪ್ರಾಯ ಆಯಿತು. ಗೊಬ್ಬರ ಬಾಡಿಗೆ ಲಾರಿಯಲ್ಲಿ ಬರುತ್ತದೆ. ಹೋದ ವರ್ಷವೂ ನೆರೆಮನೆಯವರು "ಇನ್ನೊಂದಿಷ್ಟು ಚೀಲ ಹಾಕಿಸುವನಾ?" ಎಂದು ಕೇಳಿದರು. ಇನ್ನೊಂದು ಟ್ರಿಪ್ಪಿನಲ್ಲಿ ಬರಲಿ ಎಂದೆ. ಚೀಲಕ್ಕೆ ಸ್ವಲ್ಪ ಹೆಚ್ಚು ಬಿತ್ತು. ಅವರು ಗೊಣಗಿದರು. ಆ ಬಸ್ಸಿನ ಕಿಟಕಿಯಲ್ಲಿ ಕಂಡ ನಿದ್ದೆಯ ಮುಖಗಳ ಕತೆ ಹೇಳಿದ ಮೇಲೆ ಸುಮ್ಮನಾದರು.

ಚಾರ್ಮಾಡಿ, ಶಿರಾಡಿ ಘಾಟಿಗಳಲ್ಲಿ ಲಾರಿ ಓಡಿಸಿದ ಕೃಷಿಕರು ಓದುಗರಲ್ಲಿ ಇರಬಹುದು. ಲೈನರ್, ಡ್ರಮ್ಮಿನ ಬಾಳಿಕೆಯ ಬಗ್ಗೆ ನಿಮ್ಮ ಅನುಭವ ಬೇರೆ ಇದ್ದರೆ ಈ ಪುಟಗಳಿಗೆ ಬರೆಯಿರಿ.